ಅರೆಸ್ಟ್ ಮಾಡದ ಪೊಲೀಸ್: ಇಂಗ್ಲೆಂಡಿನಲ್ಲಿ ಪಿಸಿಎಸ್‌ಓ ಕೆಲಸಕ್ಕೆ ಸೇರುವವರಿಗೆ

ಹ್ಯಾರೋ, ಸ್ಲೌ, ಮಿಲ್ಟನ್ ಕೀನ್ಸ್‌ನಂಥ ಊರುಗಳ ಪೇಟೆಬೀದಿಯಲ್ಲಿ ಸಮವಸ್ತ್ರದವರು ಇಬ್ಬರು ನಡೆದು ಬಂದರೆ ಮೊದಲು ಟೋಪಿ ನೋಡಿ. ಟೋಪಿ ಸುತ್ತ ಕಪ್ಪು-ಬಿಳಿ ಚೌಕಳಿ ಪಟ್ಟಿ ಇದ್ದರೆ ಕಾನ್ಸ್‌ಟೇಬಲ್. ಚೌಕಳಿ ಇಲ್ಲದೆ ಬರೀ ನೀಲಿ ಪಟ್ಟಿ ಇದ್ದರೆ ಪಿಸಿಎಸ್‌ಓ, ಅಂದರೆ ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್. ದೂರದಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ. ರೇಡಿಯೋ, ಚಾಕು ತಡೆಯುವ ಜಾಕೆಟ್, ಎದೆ ಮೇಲೊಂದು ಕ್ಯಾಮೆರಾ ಇಬ್ಬರಿಗೂ ಇರುತ್ತದೆ. ವ್ಯತ್ಯಾಸ ಇರುವುದು ಕಾನೂನಿನಲ್ಲಿ: ಮೊದಲನೆಯವರು ನಿಮ್ಮನ್ನು ಬಂಧಿಸಬಹುದು, ಎರಡನೆಯವರಿಗೆ ಪೊಲೀಸರ ಆ ಅಧಿಕಾರ ಇಲ್ಲ.

"ನಮ್ಮೂರಿನ ಹೋಮ್‌ಗಾರ್ಡ್ ಥರಾನಾ?" ಅಂತ ಕೇಳುವವರು ಬಹಳ. ಅಲ್ಲ. ಕರ್ನಾಟಕದ ಗೃಹರಕ್ಷಕರು ಸ್ವಯಂಸೇವಕರು, ಕರೆದ ದಿನ ಡ್ಯೂಟಿಗೆ ಬಂದು ದಿನದ ಲೆಕ್ಕದಲ್ಲಿ ಗೌರವಧನ ಪಡೆಯುವವರು. ಪಿಸಿಎಸ್‌ಓ ತಿಂಗಳ ಸಂಬಳ, ಪಿಂಚಣಿ, ರಜೆ ಎಲ್ಲ ಇರುವ ನೌಕರ. ಇಂಗ್ಲೆಂಡಿನಲ್ಲಿ ಹೋಮ್‌ಗಾರ್ಡ್‌ಗೆ ಹತ್ತಿರ ಬರುವುದು ಸ್ಪೆಷಲ್ ಕಾನ್ಸ್‌ಟೇಬಲ್. ತಮಾಷೆ ಏನೆಂದರೆ, ಬಿಡುವಿದ್ದಾಗ ಸಂಬಳವಿಲ್ಲದೆ ದುಡಿಯುವ ಆ ಸ್ಪೆಷಲ್‌ಗೆ ಬಂಧಿಸುವ ಪೂರ್ಣ ಅಧಿಕಾರ ಇದೆ. ದಿನವಿಡೀ ಸಂಬಳಕ್ಕೆ ದುಡಿಯುವ ಪಿಸಿಎಸ್‌ಓಗೆ ಇಲ್ಲ. ಎರಡನ್ನೂ ಕಲಸಿಕೊಂಡು ಅರ್ಜಿ ಹಾಕಿದವರು ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಗೇ ಮುಗ್ಗರಿಸುತ್ತಾರೆ.

ಈ ಹುದ್ದೆ ಹುಟ್ಟಿದ್ದು 2002ರ ಪೊಲೀಸ್ ರಿಫಾರ್ಮ್ ಕಾಯ್ದೆಯಿಂದ. ಆಗ ಗೃಹ ಸಚಿವರಾಗಿದ್ದವರು ಡೇವಿಡ್ ಬ್ಲಂಕೆಟ್. ಆ ವರ್ಷವೇ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಮೊದಲ ತಂಡವನ್ನು ಬೀದಿಗಿಳಿಸಿತು. 2010ರ ಹೊತ್ತಿಗೆ ಇಂಗ್ಲೆಂಡ್, ವೇಲ್ಸ್ ಸೇರಿ 16,000ಕ್ಕೂ ಹೆಚ್ಚು ಜನ ಇದ್ದರು. ಆಮೇಲೆ ಸರ್ಕಾರದ ಖರ್ಚು ಕಡಿತ ಶುರುವಾಗಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಾರ್ಫಕ್ ಪಡೆಯಂತೂ 2018ರಲ್ಲಿ ಹುದ್ದೆಯನ್ನೇ ತೆಗೆದುಹಾಕಿತು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಪೊಲೀಸರಲ್ಲಿ ಈ ಹುದ್ದೆ ಇಲ್ಲವೇ ಇಲ್ಲ, ಹಾಗಾಗಿ ಗ್ಲಾಸ್ಗೋದಲ್ಲಿ ಕೂತು ಹುಡುಕಿ ಪ್ರಯೋಜನವಿಲ್ಲ. ವೇಲ್ಸ್‌ನಲ್ಲಿ ಅಲ್ಲಿನ ಸರ್ಕಾರವೇ ತನ್ನ ಹಣದಿಂದ 500 ಹುದ್ದೆ ಹೆಚ್ಚಿಸಿಕೊಂಡಿತ್ತು. ಆದರೆ ಉತ್ತರ ವೇಲ್ಸ್ ಪಡೆಗೆ ಸೇರಬೇಕಾದರೆ ಒಂದಷ್ಟು ವೆಲ್ಶ್ ಮಾತಾಡಲು ಬರಬೇಕು. ಬೆಂಗಳೂರಿನಲ್ಲಿ "ಕನ್ನಡ ಕಲಿಯಿರಿ" ಅಂತ ಹೇಳುವ ನಮಗೆ ಇದರಲ್ಲಿ ತಕರಾರು ಇರಬಾರದು.

ಇನ್ನು ಅಧಿಕಾರದ ವಿಷಯ. ಈ ಕೆಲಸದಲ್ಲಿ ಒಳ್ಳೆಯವರು, ಕೆಟ್ಟವರು ಬೇರೆಯಾಗುವುದು ಇಲ್ಲೇ. 2017ರ ಪೊಲೀಸಿಂಗ್ ಅಂಡ್ ಕ್ರೈಮ್ ಕಾಯ್ದೆ ಬಂದ ಮೇಲೆ, ಪಿಸಿಎಸ್‌ಓಗೆ ಯಾವ ಯಾವ ಅಧಿಕಾರ ಕೊಡಬೇಕು ಎಂಬುದನ್ನು ಆಯಾ ಪಡೆಯ ಮುಖ್ಯಸ್ಥರಾದ ಚೀಫ್ ಕಾನ್ಸ್‌ಟೇಬಲ್ ತೀರ್ಮಾನಿಸುತ್ತಾರೆ. ಬಂಧನದಂಥ ಕೆಲವನ್ನು ಕೊಡಲೇಬಾರದು ಎಂದು ಕಾಯ್ದೆಯೇ ಪಟ್ಟಿ ಮಾಡಿದೆ. ಮಿಕ್ಕದ್ದು ಅವರ ವಿವೇಚನೆ. ಅಂದರೆ ಥೇಮ್ಸ್ ವ್ಯಾಲಿಯಲ್ಲಿರುವ ಗೆಳೆಯನಿಗೆ ಇರುವ ಅಧಿಕಾರ ಹರ್ಟ್‌ಫರ್ಡ್‌ಶೈರ್‌ನಲ್ಲಿರುವ ನಿಮಗೆ ಇಲ್ಲದಿರಬಹುದು. ನಿಮ್ಮ ಅಧಿಕಾರಗಳನ್ನು ಬರೆದ ಆ ಆದೇಶಕ್ಕೆ ಡೆಸಿಗ್ನೇಶನ್ ಅನ್ನುತ್ತಾರೆ. ಸಾರ್ವಜನಿಕರು ಕೇಳಿದರೆ ಅದನ್ನು ತೋರಿಸಬೇಕು, ಅದು ಕಾನೂನು. ಸಮವಸ್ತ್ರ ಹಾಕಿಲ್ಲದಾಗ ಆ ಅಧಿಕಾರ ಯಾವುದೂ ನಡೆಯುವುದಿಲ್ಲ, ಅದೂ ಕಾನೂನು. ಡ್ಯೂಟಿ ಮುಗಿಸಿ ಸ್ವೆಟರ್ ಹಾಕಿಕೊಂಡು ಟೆಸ್ಕೋದಲ್ಲಿ ತರಕಾರಿ ಆರಿಸುತ್ತಿರುವಾಗ ನೀವು ಎಲ್ಲರಂತೆ ಒಬ್ಬ ಗಿರಾಕಿ.

ಸಾಮಾನ್ಯವಾಗಿ ಸಿಗುವ ಅಧಿಕಾರಗಳು ಇವು. ಸಮಾಜಕ್ಕೆ ಕಿರುಕುಳ ಕೊಡುವಂತೆ ನಡೆದುಕೊಂಡವರ ಹೆಸರು, ವಿಳಾಸ ಕೇಳುವುದು. ಹದಿನೆಂಟು ತುಂಬದವರ ಕೈಯಿಂದ ಮದ್ಯ ಕಿತ್ತುಕೊಳ್ಳುವುದು. ಬೀದಿಯಲ್ಲಿ ಸೇದುತ್ತಿರುವ ಹದಿನಾರರ ಕೆಳಗಿನವರ ಸಿಗರೇಟು ವಶಪಡಿಸಿಕೊಳ್ಳುವುದು (ಅಂಗಡಿಯವನು ಮಾರಬಾರದು ಅನ್ನುವ ವಯಸ್ಸು ಹದಿನೆಂಟು, ನೀವು ಕಿತ್ತುಕೊಳ್ಳಬಹುದಾದ ವಯಸ್ಸು ಹದಿನಾರು; ಇದನ್ನು ತಪ್ಪು ಹೇಳದ ಹೊಸಬರು ಕಡಿಮೆ). ಕಸ ಎಸೆದವರಿಗೆ, ಫುಟ್‌ಪಾತ್ ಮೇಲೆ ಸೈಕಲ್ ಹೊಡೆದವರಿಗೆ ದಂಡದ ಚೀಟಿ. ಟ್ರಾಫಿಕ್ ನಿಲ್ಲಿಸುವುದು, ತಿರುಗಿಸುವುದು. ಬಿಟ್ಟುಹೋದ ವಾಹನ ತೆಗೆಸುವುದು. ಜೀವ ಉಳಿಸಲು ಅಥವಾ ಆಸ್ತಿಗೆ ದೊಡ್ಡ ಹಾನಿ ತಪ್ಪಿಸಲು ಬಾಗಿಲು ಮುರಿದು ಒಳಹೋಗುವುದು. ಬೈಕ್, ಕಾರು ಹೊಡೆದು ಬೀದಿಯವರ ನಿದ್ದೆ ಕೆಡಿಸುವವರಿಗೆ 2002ರ ಕಾಯ್ದೆಯದೇ 59ನೇ ಸೆಕ್ಷನ್ ಇದೆ: ಮೊದಲು ಎಚ್ಚರಿಕೆ, 12 ತಿಂಗಳೊಳಗೆ ಮತ್ತೆ ಮಾಡಿದರೆ ಗಾಡಿ ಜಪ್ತಿ. ಇಲ್ಲಿ ಕೆಲಸ ಕೆಡುವುದು ಎಚ್ಚರಿಕೆ ಕೊಟ್ಟದ್ದನ್ನು ಸಿಸ್ಟಂನಲ್ಲಿ ದಾಖಲಿಸದೆ ಬಿಟ್ಟಾಗ. ಎರಡನೇ ಸಲ ಹಿಡಿದವನಿಗೆ ಅದು ಮೊದಲನೇ ಸಲವಾಗಿಬಿಡುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಂಜೆ ಐದು ಗಂಟೆ, ಹೈ ಸ್ಟ್ರೀಟ್, ಜನಸಂದಣಿ. ಮೂವತ್ತರ ಆಸುಪಾಸಿನವನೊಬ್ಬ ಫುಟ್‌ಪಾತ್ ಮೇಲೆ ಜೋರಾಗಿ ಸೈಕಲ್ ಹೊಡೆಯುತ್ತ ಮಗುವಿನ ತಳ್ಳುಗಾಡಿಗೆ ತಾಗಿಸುವಷ್ಟು ಹತ್ತಿರ ಹೋಗುತ್ತಾನೆ. ಇದು 1835ರ ಹೈವೇ ಕಾಯ್ದೆಯ 72ನೇ ಸೆಕ್ಷನ್ನಿನ ಅಪರಾಧ. ಹೌದು, ಸೈಕಲ್ಲೇ ಸರಿಯಾಗಿ ಹುಟ್ಟಿರದ ಕಾಲದ ಕಾನೂನು. ಸೈಕಲ್ ನಿಲ್ಲಿಸುವ ಅಧಿಕಾರ ನಿಮಗಿದೆ. ಎದುರಿಗೆ ಹಾರಿ ಹ್ಯಾಂಡಲ್ ಹಿಡಿಯಬೇಡಿ. ಬದಿಗೆ ನಿಂತು ಕೈ ಮುಂದೆ ಚಾಚಿ, ಗಟ್ಟಿಯಾಗಿ, ಒಂದೇ ವಾಕ್ಯ. ನಿಂತ ಮೇಲೆ ಕ್ಯಾಮೆರಾ ಚಾಲೂ ಇದೆ ಎಂದು ಹೇಳಿ, ಏಕೆ ನಿಲ್ಲಿಸಿದಿರಿ ಎಂದು ಹೇಳಿ, ಆಮೇಲೆ ಹೆಸರು ವಿಳಾಸ ಕೇಳಿ. ಕೊಟ್ಟನೋ, 50 ಪೌಂಡಿನ ಚೀಟಿ ಅಥವಾ ಬುದ್ಧಿಮಾತು. ಯಾವುದು ಅನ್ನುವುದು ನಿಮ್ಮ ತೀರ್ಮಾನ. ಲಾರಿಗೆ ಹೆದರಿ ಮೆಲ್ಲಗೆ ಫುಟ್‌ಪಾತ್ ಹತ್ತಿದ ಅಜ್ಜಿಗೆ ಚೀಟಿ ಹರಿಯುವುದು ಈ ಅಧಿಕಾರದ ಉದ್ದೇಶವಲ್ಲ ಎಂದು 1999ರಲ್ಲೇ ಗೃಹ ಇಲಾಖೆ ಸ್ಪಷ್ಟಪಡಿಸಿದೆ.

ಕೊಡದಿದ್ದರೆ? ಅಥವಾ "ಮಿಕ್ಕಿ ಮೌಸ್" ಅಂದರೆ? ಹೆಸರು ಕೊಡದಿರುವುದು, ಸುಳ್ಳು ಕೊಡುವುದು ಬೇರೆಯೇ ಅಪರಾಧ, ಮೊದಲು ಅದನ್ನು ಅವನಿಗೆ ತಿಳಿಸಿ. ನಿಮ್ಮ ಪಡೆ ತಡೆದಿಡುವ ಅಧಿಕಾರ ಕೊಟ್ಟಿದ್ದರೆ ಮಾತ್ರ, ಕಾನ್ಸ್‌ಟೇಬಲ್ ಬರುವವರೆಗೆ ಹೆಚ್ಚೆಂದರೆ 30 ನಿಮಿಷ ಕಾಯುವಂತೆ ಅವನಿಗೆ ಹೇಳಬಹುದು. ಕಾಯುವ ಬದಲು ನಿಮ್ಮ ಜೊತೆ ಸ್ಟೇಷನ್‌ಗೆ ಬರುತ್ತೇನೆ ಎನ್ನುವ ಹಕ್ಕು ಅವನಿಗಿದೆ. ಗಡಿಯಾರ ಶುರುವಾದ ಹೊತ್ತನ್ನು ಆಗಲೇ ರೇಡಿಯೋದಲ್ಲಿ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. 17:04 ಅಂತ ಬರೆದರೆ 17:34ಕ್ಕೆ ಕಾನ್ಸ್‌ಟೇಬಲ್ ಬರದಿದ್ದರೆ ಅವನು ಹೋಗಬಹುದು, ನೀವು ಬಿಡಬೇಕು. ಹೊಸಬರು ಎಡವುವುದು ಆ ಮೂವತ್ತೊಂದನೆಯ ನಿಮಿಷದಲ್ಲಿ. ಮಾತಿಗೆ ಮಾತು ಬೆಳೆದಿರುತ್ತದೆ, ಸುತ್ತ ಜನ ನಿಂತು ಫೋನ್ ಹಿಡಿದಿರುತ್ತಾರೆ, "ಇಷ್ಟು ಹೊತ್ತು ಕಾದದ್ದಾಯಿತು, ಇನ್ನು ಎರಡು ನಿಮಿಷ" ಅನಿಸುತ್ತದೆ. ಆ ಎರಡು ನಿಮಿಷ ಅಕ್ರಮ ಬಂಧನ. ಸೈಕಲ್ಲಿನವನ ತಪ್ಪು 50 ಪೌಂಡಿನದು, ನಿಮ್ಮದು ನೌಕರಿಯದು.

ಇಷ್ಟರ ಮೇಲೆ, ಯಾವ ಪ್ರಜೆಯಾದರೂ ಕಳ್ಳತನದಂಥ ದೊಡ್ಡ ಅಪರಾಧ ಕಣ್ಣೆದುರು ನಡೆದರೆ ಹಿಡಿಯಬಹುದು ಎಂಬ ನಿಯಮವೂ ಇದೆ, 1984ರ ಪೇಸ್ (ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್) ಕಾಯ್ದೆಯ 24ಎ ಸೆಕ್ಷನ್. ಪಿಸಿಎಸ್‌ಓಗೂ ಅದು ಅನ್ವಯಿಸುತ್ತದೆ. ಆದರೆ ಕಾನ್ಸ್‌ಟೇಬಲ್ ಬಂದು ಹಿಡಿಯುವುದು ಸಾಧ್ಯವಿಲ್ಲ ಎನ್ನುವ ಪರಿಸ್ಥಿತಿ ಇರಬೇಕು, ಅವನು ತಪ್ಪಿಸಿಕೊಳ್ಳುತ್ತಾನೆ ಅಥವಾ ಯಾರಿಗಾದರೂ ಪೆಟ್ಟು ಮಾಡುತ್ತಾನೆ ಎಂಬಂಥ ಕಾರಣ ಇರಬೇಕು. ಇದನ್ನೇ ನೆಚ್ಚಿಕೊಂಡು ದಿನಾ ಕಳ್ಳರನ್ನು ಹಿಡಿಯುತ್ತೇನೆ ಅನ್ನುವವರು ಕಾನ್ಸ್‌ಟೇಬಲ್ ಹುದ್ದೆಗೇ ಅರ್ಜಿ ಹಾಕುವುದು ಒಳ್ಳೆಯದು.

ಹಾಗಾದರೆ ದಿನವಿಡೀ ಏನು ಕೆಲಸ? ನಡೆಯುವುದು, ಮಾತಾಡುವುದು, ಬರೆಯುವುದು. ಮೂರನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೋಟ್‌ಬುಕ್ಕಿಗೆ ಒಂದು ಹಳೆಯ ಸೂತ್ರ ಇದೆ, "ನೋ ಎಲ್ಬೋಸ್" ಅಂತ. ಎಲ್ಬೋಸ್‌ನ ಒಂದೊಂದು ಅಕ್ಷರಕ್ಕೂ ಒಂದೊಂದು ನಿಷೇಧ: ಅಳಿಸಬಾರದು, ಹಾಳೆ ಹರಿಯಬಾರದು, ಖಾಲಿ ಜಾಗ ಬಿಡಬಾರದು, ಬರೆದದ್ದರ ಮೇಲೆ ಬರೆಯಬಾರದು, ಸಾಲುಗಳ ನಡುವೆ ತುರುಕಬಾರದು, ಬಿಡಿ ಹಾಳೆಯಲ್ಲಿ ಬರೆಯಬಾರದು. ಜೊತೆಗೆ ಯಾರು ಏನು ಅಂದರೋ ಅದನ್ನು ಅವರದೇ ಮಾತಿನಲ್ಲಿ ಬರೆಯಬೇಕು. "ಅವಾಚ್ಯ ಶಬ್ದಗಳಿಂದ ನಿಂದಿಸಿದ" ಅಂತ ನಮ್ಮ ಠಾಣೆಗಳ ದೂರಿನಲ್ಲಿ ಬರೆದುಬಿಡುತ್ತೇವಲ್ಲ, ಅದು ಇಲ್ಲಿ ನಡೆಯದು. ಬೈಗುಳವನ್ನು ಬೈಗುಳವಾಗಿಯೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಣ್ಣ ಸಹಿ. ಈಗ ಅನೇಕ ಕಡೆ ಪುಸ್ತಕದ ಬದಲು ಫೋನ್ ಬಂದಿದೆ. ನಿಯಮದ ಹಿಂದಿನ ಕಾರಣ ಮಾತ್ರ ಹಾಗೇ ಇದೆ. ಎಂಟು ತಿಂಗಳ ಮೇಲೆ ಕೋರ್ಟಿನಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆ, "ಇದನ್ನು ಯಾವಾಗ ಬರೆದಿರಿ?"

ಸಾಕ್ಷಿ ಹೇಳಿಕೆ ಬರೆದುಕೊಳ್ಳುವುದು ಇನ್ನೊಂದು ದೊಡ್ಡ ಪಾಲು. ಅದರ ಫಾರಮ್ಮಿಗೆ ಎಂಜಿ11 ಅನ್ನುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತಿದ್ದ ಹೆಂಗಸೊಬ್ಬರು ಬ್ಯಾಗ್ ಕಿತ್ತುಕೊಂಡು ಓಡಿದವನನ್ನು ನೋಡಿದ್ದಾರೆ ಅನ್ನಿ. "ಎತ್ತರದ ಹುಡುಗ, ಕಪ್ಪು ಜಾಕೆಟ್" ಅಂತ ಬರೆದು ಸಹಿ ಹಾಕಿಸಿಕೊಂಡರೆ ಕೇಸು ಅಲ್ಲೇ ಅರ್ಧ ಸತ್ತಿತು. ಗುರುತು ಹಿಡಿಯುವ ಸಾಕ್ಷ್ಯಕ್ಕೆ 1976ರ ಟರ್ನ್‌ಬುಲ್ ಪ್ರಕರಣದ ತೀರ್ಪಿನಿಂದ ಬಂದ ಎಂಟು ಅಂಶ ಇವೆ. ತರಬೇತಿಯಲ್ಲಿ ಅವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅಡ್ವೊಕೇಟ್ (ADVOKATE) ಅನ್ನುವ ಪದವಾಗಿ ಬಾಯಿಪಾಠ ಮಾಡಿಸುತ್ತಾರೆ. ಎಷ್ಟು ಹೊತ್ತು ನೋಡಿದರು, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ನಡುವೆ ಏನಾದರೂ ಅಡ್ಡ ಇತ್ತೇ, ಮೊದಲೇ ಪರಿಚಯವೇ, ನೆನಪಿಟ್ಟುಕೊಳ್ಳಲು ಕಾರಣ ಏನು, ನೋಡಿದ್ದಕ್ಕೂ ಗುರುತು ಹೇಳಿದ್ದಕ್ಕೂ ನಡುವೆ ಎಷ್ಟು ಸಮಯ ಕಳೆಯಿತು, ಹೇಳಿಕೆಯಲ್ಲಿ ತಪ್ಪು ಅಥವಾ ವ್ಯತ್ಯಾಸ ಇದೆಯೇ. ಆ ಹೆಂಗಸು "ಹತ್ತಿರದಿಂದಲೇ ನೋಡಿದೆ" ಅಂದರೆ ಬಿಡಬೇಡಿ, "ಇಲ್ಲಿಂದ ಆ ಕೆಂಪು ಪೋಸ್ಟ್ ಡಬ್ಬಿಯಷ್ಟು ದೂರವೇ?" ಅಂತ ತೋರಿಸಿ ಕೇಳಿ, ಆಮೇಲೆ ಆ ದೂರವನ್ನು ಹೆಜ್ಜೆ ಹಾಕಿ ಅಳೆದು ಮೀಟರಿನಲ್ಲಿ ಬರೆಯಿರಿ. ನಡುವೆ ಬಸ್ ಬಂದಿತ್ತೇ ಕೇಳಿ. ಬೀದಿದೀಪ ಹತ್ತಿತ್ತೇ ಕೇಳಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಕಾರ್ಡನ್ ಕಾಯುವುದೂ ಇದೆ, ಅಂದರೆ ಅಪರಾಧ ನಡೆದ ಜಾಗದ ಸುತ್ತ ಕಟ್ಟಿದ ಪಟ್ಟಿಯ ಬಳಿ ನಿಲ್ಲುವುದು. ನಮ್ಮಲ್ಲಿ ಮಹಜರಿಗೆ ಮುಂಚೆ ಅರ್ಧ ಊರೇ ಓಡಾಡಿಬಿಡುತ್ತದೆ. ಇಲ್ಲಿ ನಿಮ್ಮ ಕೈಯಲ್ಲೊಂದು ಲಾಗ್ ಪುಸ್ತಕ, ಒಳಹೋದ ಪ್ರತಿಯೊಬ್ಬರ ಹೆಸರು, ಹುದ್ದೆ, ಹೊತ್ತು, ಕಾರಣ, ಹೊರಬಂದ ಹೊತ್ತು. ಇನ್‌ಸ್ಪೆಕ್ಟರ್ ಬಂದರೂ ಬರೆಸಿಕೊಳ್ಳಬೇಕು. ಅಪ್ಪಣೆ ಇಲ್ಲದವರು ಅವರೇ ಆಗಿದ್ದರೂ ಒಳಬಿಡಬಾರದು, ಹೊಸಬರಿಗೆ ಗಂಟಲು ಕಟ್ಟುವುದು ಇಲ್ಲೇ. ಫೆಬ್ರವರಿಯ ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಉಣ್ಣೆ ಸಾಕ್ಸ್ ಎರಡು ಜೊತೆ, ಒಂದು ಬಾಟಲಿ ನೀರು, ತಿನ್ನಲು ಏನಾದರೂ, ಇದಿಲ್ಲದೆ ಠಾಣೆ ಬಿಡಬೇಡಿ. ಬೂಟನ್ನು ಕೆಲಸಕ್ಕೆ ಮೊದಲೇ ಮನೆಯಲ್ಲಿ ಹಾಕಿ ಓಡಾಡಿ ಒಗ್ಗಿಸಿಕೊಳ್ಳಿ. ಮೊದಲ ವಾರ ಗುಳ್ಳೆ ಎದ್ದರೆ ಎರಡನೇ ವಾರ ಕುಂಟುತ್ತೀರಿ.

ರೇಡಿಯೋ ಬಗ್ಗೆ ನಮ್ಮವರಿಗೆ ಒಂದೆರಡು ಮಾತು ಬೇಕು. "ಡಬಲ್ ಸೆವೆನ್" ಅನ್ನಬೇಡಿ, ಸೆವೆನ್ ಸೆವೆನ್ ಅನ್ನಿ. ನಮ್ಮ ಬಾಯಲ್ಲಿ ವಿ ಮತ್ತು ಡಬ್ಲ್ಯೂ ಬೇರೆ ಕೇಳಿಸುವುದಿಲ್ಲ, ವಾಹನದ ನಂಬರ್ ಹೇಳುವಾಗ ಅಲ್ಲೇ ಎಡವಟ್ಟು. ಅದಕ್ಕೇ ವಿ ಬದಲು ವಿಕ್ಟರ್, ಡಬ್ಲ್ಯೂ ಬದಲು ವಿಸ್ಕಿ ಅನ್ನುವ ಪದ ಇರುವುದು. ಆಲ್ಫಾ, ಬ್ರಾವೋ, ಚಾರ್ಲಿಯಿಂದ ಜುಲುವರೆಗೆ ತರಬೇತಿಗೆ ಮುಂಚೆಯೇ ಬಾಯಿಗೆ ಬರಲಿ. ಬಸ್ಸಿನಲ್ಲಿ ಹೋಗುವಾಗ ಎದುರು ಬಂದ ಕಾರುಗಳ ನಂಬರನ್ನು ಮನಸ್ಸಿನಲ್ಲೇ ಓದುತ್ತ ಹೋದರೆ ಎರಡು ವಾರದಲ್ಲಿ ಬರುತ್ತದೆ. ರೇಡಿಯೋದ ಮೇಲ್ತುದಿಯ ತುರ್ತು ಗುಂಡಿ ಒತ್ತಿದರೆ ಕೆಲವು ಸೆಕೆಂಡು ಮೈಕ್ ತಾನೇ ತೆರೆದಿರುತ್ತದೆ. ಆಗ ಮೊದಲು ಹೇಳಬೇಕಾದ್ದು ಏನಾಯಿತು ಎಂದಲ್ಲ, ಎಲ್ಲಿದ್ದೀರಿ ಎಂದು. ಹಾಗಾಗಿ ನಡೆಯುವಾಗ ಯಾವ ರಸ್ತೆಯಲ್ಲಿದ್ದೇನೆ ಎಂಬುದು ಸದಾ ತಲೆಯಲ್ಲಿರಬೇಕು.

ಭಾರತೀಯ ಕುಟುಂಬಗಳು ಹೆಚ್ಚಿರುವ ಬಡಾವಣೆ ಸಿಕ್ಕರೆ ನಿಮ್ಮ ಬೆಲೆ ಗೊತ್ತಾಗುವುದು ದೀಪಾವಳಿ ಹೊತ್ತಿಗೆ. ಏಷ್ಯನ್ ಮನೆಗಳಲ್ಲಿ ಚಿನ್ನ ಇರುತ್ತದೆ ಎಂದು ಕಳ್ಳರಿಗೆ ಚೆನ್ನಾಗಿ ಗೊತ್ತು, ಪೊಲೀಸರು ಅದಕ್ಕೆಂದೇ ಆ ಕಾಲದಲ್ಲಿ ಪ್ರಚಾರ ಮಾಡುತ್ತಾರೆ. ಬಾಗಿಲು ಬಾಗಿಲಿಗೆ ಹೋಗಿ ಹೇಳಬೇಕಾದ್ದು ಇಷ್ಟು: ಒಂದೊಂದು ಒಡವೆಯನ್ನೂ ಬೇರೆ ಬೇರೆಯಾಗಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆಯಿರಿ, ತೂಕ ಗ್ರಾಮಿನಲ್ಲಿ ಬರೆದಿಡಿ, ಊರಿನ ಅಂಗಡಿಯ ರಸೀದಿ ಫೋನಿನಲ್ಲೂ ಇರಲಿ, ಬೀರುವಿನ ಸೀರೆ ಮಡಿಕೆ, ಅಕ್ಕಿ ಡಬ್ಬಿ ಎರಡೂ ಕಳ್ಳರು ಮೊದಲು ನೋಡುವ ಜಾಗ. ಮದುವೆ ಆಲ್ಬಮ್ ತೋರಿಸಿ "ಇದೇ ಕಾಸಿನ ಸರ" ಅಂದರೆ ಸಿಕ್ಕಿದ ಮಾಲನ್ನು ನಿಮ್ಮದೆಂದು ಸಾಬೀತು ಮಾಡುವುದು ಕಷ್ಟ. ಇದನ್ನು ಇಂಗ್ಲಿಷ್ ಕರಪತ್ರ ಹೇಳುವುದಕ್ಕಿಂತ, ಮಗನ ಮನೆಗೆ ಆರು ತಿಂಗಳಿಗೆಂದು ಬಂದ ಅಮ್ಮನಿಗೆ ಕನ್ನಡದಲ್ಲಿ ಒಬ್ಬರು ಹೇಳಿದರೆ ನಾಟುತ್ತದೆ.

ಫೋನ್ ಮೋಸವೂ ಹಾಗೇ. ನಮ್ಮಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದರ ಅಣ್ಣತಮ್ಮ ಇಲ್ಲೂ ಇದ್ದಾನೆ. "ನಾವು ಪೊಲೀಸರು, ನಿಮ್ಮ ಬ್ಯಾಂಕಿನಲ್ಲೇ ಕಳ್ಳ ಇದ್ದಾನೆ, ನಂಬಿಕೆ ಇಲ್ಲದಿದ್ದರೆ 999ಕ್ಕೆ ಫೋನ್ ಮಾಡಿ ಕೇಳಿ" ಅನ್ನುತ್ತಾನೆ (999 ಇಲ್ಲಿನ ತುರ್ತು ನಂಬರ್). ಮುದುಕರು ಮಾಡುತ್ತಾರೆ, ಅವನು ಆ ಕಡೆ ಫೋನ್ ಇಟ್ಟೇ ಇರುವುದಿಲ್ಲ, ಲ್ಯಾಂಡ್‌ಲೈನ್ ಇನ್ನೂ ತೆರೆದಿದ್ದು ಅವನ ಜೊತೆಗಾರನೇ ಎತ್ತುತ್ತಾನೆ. ಹೇಳಿಕೊಡಬೇಕಾದ್ದು: ಇಟ್ಟುಬಿಡಿ, ಬೇರೆ ಫೋನಿನಿಂದ ಪೊಲೀಸರಿಗೆ 101, ಬ್ಯಾಂಕಿಗೆ 159. ಹಣ ಒಯ್ಯಲು ಪೊಲೀಸರು ಯಾರ ಮನೆಗೂ ಆಳು ಕಳಿಸುವುದಿಲ್ಲ.

ನಮ್ಮವರ ನಡುವೆ ಕೆಲಸ ಮಾಡುವುದರಲ್ಲಿ ಒಂದು ಅಪಾಯ ಇದೆ. ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತ ಯಾರೋ ಕೇಳುತ್ತಾರೆ, "ನನ್ನ ಕಾರಿಗೆ ಗುದ್ದಿದವನ ನಂಬರ್ ಇದೆ, ಯಾರದು ಸ್ವಲ್ಪ ನೋಡಿ ಹೇಳಿ ಮಾರಾಯ್ರೆ." ನೋಡಬೇಡಿ. ಪೊಲೀಸ್ ಕಂಪ್ಯೂಟರಿನಲ್ಲಿ ನೀವು ತೆರೆದ ಪ್ರತಿ ಹಾಳೆಯೂ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಕೆಲಸಕ್ಕೆ ಬೇಕಿಲ್ಲದೆ ನೋಡುವುದು ಶಿಸ್ತಿನ ಪ್ರಶ್ನೆಯಷ್ಟೇ ಅಲ್ಲ, 1990ರ ಕಂಪ್ಯೂಟರ್ ಮಿಸ್‌ಯೂಸ್ ಕಾಯ್ದೆ, 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆ ಎರಡರಡಿಯೂ ಕೇಸಾಗಬಹುದು. ಪೊಲೀಸ್ ನೌಕರಿ ಕಳೆದುಕೊಳ್ಳುವವರಲ್ಲಿ ಹೀಗೆ ನೆರೆಯವರ, ನೆಂಟರ ವಿವರ ಇಣುಕಿ ನೋಡಿದವರು ಇದ್ದೇ ಇರುತ್ತಾರೆ. "101ಕ್ಕೆ ದೂರು ಕೊಡಿ" ಅಂದು ಹೋಳಿಗೆ ತಿನ್ನಿ.

ಅರ್ಜಿಯ ವಿಷಯಕ್ಕೆ ಬರೋಣ. ನೇರ ಸರ್ಕಾರಿ ನೇಮಕಾತಿ ಮಂಡಳಿ ಅಂತ ಇಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಪ್ರದೇಶವಾರು 43 ಪಡೆಗಳಿವೆ, ತಮಗೆ ಬೇಕಾದಾಗ ತಾವೇ ಕರೆಯುತ್ತವೆ. ವಯಸ್ಸು ಹದಿನೆಂಟು ಆಗಿರಬೇಕು. ಬ್ರಿಟಿಷ್ ಪೌರತ್ವ ಬೇಕೇಬೇಕು ಅಂತಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇರುವುದಕ್ಕೆ, ದುಡಿಯುವುದಕ್ಕೆ ಕಾಲಮಿತಿಯ ನಿರ್ಬಂಧ ಇಲ್ಲದಿದ್ದರೆ, ಅಂದರೆ ಐಎಲ್‌ಆರ್ ಸಿಕ್ಕಿದ್ದರೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅರ್ಜಿ ಹಾಕಬಹುದು. ಎರಡು ಪೌರತ್ವ ಭಾರತದಲ್ಲಿ ನಡೆಯದ ಕಾರಣ ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲದವರಿಗೆ ಇದು ಮುಖ್ಯ. ಸ್ಕಿಲ್ಡ್ ವರ್ಕರ್ ವೀಸಾ, ಸ್ಟೂಡೆಂಟ್ ವೀಸಾದವರು ಕಾಯಬೇಕು. ಜೊತೆಗೆ ಹಿನ್ನೆಲೆ ತಪಾಸಣೆಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಬ್ರಿಟನ್ನಿನಲ್ಲೇ ವಾಸವಿದ್ದಿರಬೇಕು. ನಡುವೆ ಎಂಟು ತಿಂಗಳು ಊರಿಗೆ ಹೋಗಿ ಕೂತಿದ್ದರೆ ಅರ್ಜಿಗೆ ಮುಂಚೆಯೇ ಆ ಪಡೆಯ ನೇಮಕಾತಿ ವಿಭಾಗಕ್ಕೆ ಬರೆದು ಕೇಳಿ.

ಓದಿನ ಅರ್ಹತೆ ಕೇಳಿದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗೆ ಯುಕೆ ಎನಿಕ್ ಎಂಬ ಸಂಸ್ಥೆಯಿಂದ ಸಮಾನತೆಯ ಪತ್ರ ತರಿಸಿಡಿ. ಡ್ರೈವಿಂಗ್ ಲೈಸೆನ್ಸ್ ಬಹಳ ಪಡೆಗಳು ಬಯಸುತ್ತವೆ. ಇಲ್ಲಿ ನೆಲೆಸಿದ ಹನ್ನೆರಡು ತಿಂಗಳ ಮೇಲೆ ನಮ್ಮ ಆರ್‌ಟಿಓ ಕೊಟ್ಟದ್ದು ನಡೆಯುವುದಿಲ್ಲ, ಇಲ್ಲಿನ ಪರೀಕ್ಷೆ ಪಾಸಾಗಿರಬೇಕು. ಫಿಟ್‌ನೆಸ್‌ಗೆ 15 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಆಚೀಚೆ ಓಡುವ ಪರೀಕ್ಷೆ. ಕಾನ್ಸ್‌ಟೇಬಲ್‌ಗೆ 5.4ನೇ ಹಂತ, ಅಂದರೆ ಮೂರೂವರೆ ನಿಮಿಷದಲ್ಲಿ 525 ಮೀಟರ್. ಪಿಸಿಎಸ್‌ಓಗೆ ಹಂತ ಪಡೆಯಿಂದ ಪಡೆಗೆ ಬೇರೆ. 5.4ಕ್ಕೇ ತಯಾರಾದರೆ ಚಿಂತೆ ಇಲ್ಲ. ಸೋಲುವವರು ಉಸಿರಿಗೆ ಸೋಲುವುದಲ್ಲ, ತಿರುಗುವಾಗ ಸೋಲುತ್ತಾರೆ. ಪಾರ್ಕಿನಲ್ಲಿ ನೇರ ಎರಡು ಕಿಲೋಮೀಟರ್ ಓಡಿದ ಅಭ್ಯಾಸ ಇಲ್ಲಿ ಕಾಲಿಗೆ ಬರುವುದಿಲ್ಲ. 15 ಮೀಟರಿಗೆ ಎರಡು ಚಪ್ಪಲಿ ಇಟ್ಟು ತಿರುಗಿ ತಿರುಗಿ ಓಡಿ.

ಲಿಖಿತ ಉತ್ತರ ಮತ್ತು ಇಂಟರ್‌ವ್ಯೂ ಎರಡನ್ನೂ ಅಳೆಯುವುದು ಕಾಲೇಜ್ ಆಫ್ ಪೊಲೀಸಿಂಗ್ ಮಾಡಿದ ಚೌಕಟ್ಟಿನಿಂದ. 2024ರ ಪರಿಷ್ಕರಣೆಯಲ್ಲಿ ಅದರ ಮೌಲ್ಯಗಳು ಧೈರ್ಯ, ಗೌರವ ಮತ್ತು ಸಹಾನುಭೂತಿ, ಜನಸೇವೆ ಎಂದು ಬದಲಾಗಿವೆ. ಹಳೆಯ ಪುಸ್ತಕ, ಹಳೆಯ ವಿಡಿಯೋ ನೋಡಿ ಓದಬೇಡಿ. ಪರಿಸ್ಥಿತಿ, ನಿಮ್ಮ ಪಾಲಿನ ಕೆಲಸ, ಮಾಡಿದ್ದು, ಫಲ, ಈ ನಾಲ್ಕು ಮೆಟ್ಟಿಲಿನಲ್ಲಿ ಉತ್ತರ ಇರಬೇಕು. ನಮ್ಮವರಿಗೆ ಅಂಕ ಹೋಗುವುದು ವಿನಯದಿಂದ. "ನಾವು ಸೇರಿ ಬಗೆಹರಿಸಿದೆವು" ಅಂದರೆ ಸೊನ್ನೆ. ನೀವು ಏನು ಅಂದಿರಿ, ನೀವು ಯಾರನ್ನು ಕರೆದಿರಿ ಅನ್ನುವುದಕ್ಕೆ ಮಾತ್ರ ಅಂಕ. ಉದಾಹರಣೆ ದೊಡ್ಡದಿರಬೇಕಿಲ್ಲ. ಅಂಗಡಿಯ ಕೌಂಟರಿನಲ್ಲಿ ಕೂಗಾಡುತ್ತಿದ್ದ ಗಿರಾಕಿಯನ್ನು ಪಕ್ಕಕ್ಕೆ ಕರೆದು ಕೂರಿಸಿದ್ದು ಸಾಕು, ಹೇಗೆ ಅನ್ನುವ ವಿವರ ಇದ್ದರೆ.

ಆಮೇಲೆ ವೆಟ್ಟಿಂಗ್, ಅಂದರೆ ಹಿನ್ನೆಲೆ ತಪಾಸಣೆ. ಹೆಚ್ಚು ಜನ ಇಲ್ಲೇ ಬೀಳುತ್ತಾರೆ, ಅದೂ ಮಾಡಿದ ತಪ್ಪಿಗಿಂತ ಮುಚ್ಚಿಟ್ಟ ತಪ್ಪಿಗೆ. ನಿಮ್ಮದಷ್ಟೇ ಅಲ್ಲ, ತಂದೆ ತಾಯಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮನೆಯಲ್ಲಿ ಜೊತೆಗಿರುವವರ ವಿವರವೂ ಬೇಕು. ಹಂಚಿಕೊಂಡ ಮನೆಯಲ್ಲಿ ಬಾಡಿಗೆಗಿದ್ದರೆ ಇನ್ನೊಂದು ಕೋಣೆಯ ಹುಡುಗನೂ ಲೆಕ್ಕ. ಎಷ್ಟೋ ವರ್ಷದ ಹಿಂದಿನ ಎಚ್ಚರಿಕೆ, ಸ್ಪೀಡಿಂಗ್ ದಂಡ, ಮುಗಿದುಹೋದ ಕೇಸು, ಎಲ್ಲ ಬರೆಯಿರಿ. ಹಳೆಯ ಶಿಕ್ಷೆ ಹೇಳಬೇಕಿಲ್ಲ ಎಂಬ ಸಾಮಾನ್ಯ ನಿಯಮಕ್ಕೆ ಪೊಲೀಸ್ ನೌಕರಿ ಹೊರತು. ಸಾಲ ಇರುವುದು ತಪ್ಪಲ್ಲ, ಕಟ್ಟದೆ ಬಿಟ್ಟ ಸಾಲ, ಕೋರ್ಟಿನ ತೀರ್ಪು, ದಿವಾಳಿ ಇವು ತೊಂದರೆ. ಸಾಲದಲ್ಲಿ ಮುಳುಗಿದವರನ್ನು ಲಂಚಕ್ಕೆ ಬಗ್ಗಿಸುವುದು ಸುಲಭ ಅನ್ನುವುದು ಅವರ ಲೆಕ್ಕ. ಊರಿನಲ್ಲಿ ಮನೆಗೆ ಮಾಡಿದ ಸಾಲ, ಚೀಟಿ ವ್ಯವಹಾರ, ವಾರಾಂತ್ಯದ ಸಣ್ಣ ಕೇಟರಿಂಗ್, ಪ್ರಶ್ನೆಗೆ ಹೊಂದಿದರೆ ಇವನ್ನೂ ಹೇಳಿ. ಫಾರಮ್ ಕೂತು ತುಂಬುವ ಮೊದಲು ಹಿಂದಿನ ವರ್ಷಗಳ ಎಲ್ಲ ವಿಳಾಸ, ತಾರೀಕು ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಡುವೆ ಮೂರು ವಾರದ ಖಾಲಿ ಜಾಗ ಇದ್ದರೂ ಫಾರಮ್ ವಾಪಸ್ ಬರುತ್ತದೆ, ಸರದಿಯಲ್ಲಿ ನೀವು ಹಿಂದಕ್ಕೆ ಹೋಗುತ್ತೀರಿ. ಬೆರಳಚ್ಚು, ಡಿಎನ್‌ಎ ಕೊಡಬೇಕು. ಫೇಸ್‌ಬುಕ್, ಎಕ್ಸ್ ನೋಡುತ್ತಾರೆ. ಹತ್ತು ವರ್ಷದ ಹಿಂದೆ ಕಾವೇರಿ ಗಲಾಟೆ ಹೊತ್ತಿನಲ್ಲಿ ಇನ್ನೊಂದು ರಾಜ್ಯದವರ ಬಗ್ಗೆ ಕಿಡಿಕಾರಿ ಬರೆದದ್ದು ಇದ್ದರೆ, ಅವರಿಗೆ ಕನ್ನಡ ಬರುವುದಿಲ್ಲ ಅಂತ ನೆಚ್ಚಿಕೊಳ್ಳಬೇಡಿ.

ಆಯ್ಕೆಯಾದ ಮೇಲೆ ಕೆಲವು ವಾರ ತರಗತಿ, ಆಮೇಲೆ ಅನುಭವಿಗಳ ಜೊತೆ ಬೀಟ್, ನಂತರ ಒಂಟಿಯಾಗಿ. ಈಗ ಬಹಳ ಕಡೆ ಇದು ಲೆವೆಲ್ 4 ಅಪ್ರೆಂಟಿಸ್‌ಶಿಪ್, ಸುಮಾರು ಹನ್ನೆರಡು ತಿಂಗಳು. ದುಡಿಯುತ್ತಲೇ ಬರಹದ ಕೆಲಸ ಒಪ್ಪಿಸಬೇಕು, ಕೊನೆಗೆ ಮೌಲ್ಯಮಾಪನ. ಮೂಲ ಸಂಬಳದ ಮೇಲೆ ಶಿಫ್ಟ್ ಭತ್ಯೆ, ವಾರಾಂತ್ಯದ ಹೆಚ್ಚುವರಿ, ಲಂಡನ್ನಾದರೆ ಇನ್ನೊಂದಿಷ್ಟು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಮೊತ್ತ ಭತ್ಯೆ ಸೇರಿದ್ದೋ ಸೇರದ್ದೋ ನೋಡಿ. ಇದು ಕಾನ್ಸ್‌ಟೇಬಲ್ ಆಗಲು ಮೆಟ್ಟಿಲು ಎಂದು ಸೇರುವವರು ಬಹಳ. ಅನುಭವ ಲೆಕ್ಕಕ್ಕೆ ಬರುತ್ತದೆ, ಬಡ್ತಿ ತಾನಾಗಿ ಬರುವುದಿಲ್ಲ. ಹೊಸ ಅರ್ಜಿ, ಹೊಸ ಪರೀಕ್ಷೆ.

ಮೊದಲು ಬರುವ ಪತ್ರ ಷರತ್ತಿನ ಆಫರ್ ಮಾತ್ರ. ವೆಟ್ಟಿಂಗ್, ಮೆಡಿಕಲ್, ಫಿಟ್‌ನೆಸ್ ಮೂರೂ ಮುಗಿಯುವ ಹೊತ್ತಿಗೆ ತಿಂಗಳುಗಳೇ ಹಿಡಿಯಬಹುದು, ಈ ನಡುವೆ ಮನೆ ಬದಲಿಸಿದರೆ, ಮದುವೆಯಾದರೆ, ಒಂದು ಪಾರ್ಕಿಂಗ್ ಕೇಸು ಕೋರ್ಟಿಗೆ ಹೋದರೂ ಆಗಲೇ ಬರೆದು ತಿಳಿಸಿ. ಸೇರುವ ತಾರೀಕು ಬರೆದ ಅಂತಿಮ ಪತ್ರ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.